ಬಡಗಿಯ ಹತ್ಯಾರು ಪೆಟ್ಟಿಗೆ

ಒಂದೊಂದು ಕಸಬಿಗೂ ಒಂದೊಂದು ಪೆಟ್ಟಿಗೆಯುಂಟು. ಕ್ಷೌರಿಕನಿಗೆ ಹಡಪ, ಯಕ್ಷಗಾನ ಮೇಳಕ್ಕೆ ವೇಷಭೂಷಣಗಳ ಪೆಟ್ಟಿಗೆ, ಹೊಟೇಲಿನ ಮಾಲೀಕನಿಗೆ ಗಲ್ಲಾಪೆಟ್ಟಿಗೆ, ಊರು ಬಿಟ್ಟು ಘಟ್ಟ ಹತ್ತಿ ಬಂದ ಮಾಣಿಗೆ ತಗಡಿನ ಟ್ರಂಕು. ಬಸವಣ್ಣನವರ ತಾಂಬೂಲದ ಚೀಲವನ್ನು ಹೊತ್ತ ಶರಣ ಅಪ್ಪಣ್ಣನವರನ್ನು ಎಂಟು ಶತಮಾನಗಳ ಬಳಿಕವೂ ನಾಡು ಹಡಪದ ಅಪ್ಪಣ್ಣನೆಂದೇ ಕರೆಯುತ್ತಿದೆ. ಹೊತ್ತ ವಸ್ತುವೇ ಮನುಷ್ಯನ ಹೆಸರಾಗಿ ನಿಲ್ಲುವುದೆಂದರೆ ಆ ವಸ್ತುವಿನ ಮಹತ್ವವು ಅಲ್ಪವಾದುದಲ್ಲವೆಂಬುದು ಸ್ಪಷ್ಟ.

ಈ ಎಲ್ಲ ಪೆಟ್ಟಿಗೆಗಳಲ್ಲಿ ಬಡಗಿಯ ಪೆಟ್ಟಿಗೆಗೆ ಒಂದು ವಿಶೇಷವುಂಟು. ಅದನ್ನು ಆತನು ಪೇಟೆಯಲ್ಲಿ ಕೊಳ್ಳುವುದಿಲ್ಲ; ಅದರೊಳಗೆ ಇರಿಸಬೇಕಾದ ಹತ್ಯಾರುಗಳಿಂದಲೇ ಅದನ್ನು ಮಾಡಿಕೊಳ್ಳುತ್ತಾನೆ. ಹೊಟೇಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ವಾಚಕ ಬಂಧುಗಳಿಗೆ ಈ ಪೆಟ್ಟಿಗೆಯ ವಿಚಾರವೇತಕ್ಕೆಂದು ಕೇಳುವವರಿರಬಹುದು. ಲೇಖನವನ್ನು ಕೊನೆಯವರೆಗೆ ಓದಿದಲ್ಲಿ ಅದು ತಿಳಿಯುವುದು.

ಭೋರಿನ ಬಡಗಿ

ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಕಾಪೂರಹೋಳದ ಬಳಿ ಪಶ್ಚಿಮಕ್ಕೆ ತಿರುಗಿದರೆ ಭೋರ್ ಪಟ್ಟಣವು ಸಿಗುತ್ತದೆ. ಊರಿಗೆ ಹೋಗುವ ಬಸ್ಸಿನಲ್ಲಿ ನಿದ್ರಿಸುತ್ತ ಈ ತಿರುವನ್ನು ದಾಟಿದ ನಮ್ಮವರು ಸಾವಿರಾರು ಮಂದಿ. ನೀರಾ ನದಿಯ ದಡದಲ್ಲಿರುವ ಈ ಊರು 1948ರವರೆಗೆ ಒಂದು ಸಂಸ್ಥಾನದ ರಾಜಧಾನಿಯಾಗಿತ್ತು. ಅದನ್ನಾಳಿದವರು ಪಂತ ಸಚಿವರು. ಸಚಿವನೆಂದರೆ ಶಿವಾಜಿ ಮಹಾರಾಜರ ಅಷ್ಟಪ್ರಧಾನರಲ್ಲಿ ಸರಕಾರದ ಕಾಗದಪತ್ರಗಳನ್ನು ಪರಿಶೀಲಿಸತಕ್ಕವನು. ನಮ್ಮ ಗುಮಾಸ್ತ ಬಂಧುಗಳು ಅಭಿಮಾನ ಪಡತಕ್ಕ ಪದವಿ. ಅವರ ರಾಜವಾಡೆಯ ಮರದ ಕಂಬಗಳನ್ನೂ ಅವುಗಳ ಕೆತ್ತನೆಯನ್ನೂ ಈಗಲೂ ನೋಡಬಹುದಾಗಿದೆ. ಪಟ್ಟಣದ ಪಶ್ಚಿಮಕ್ಕೆ ಸಹ್ಯಾದ್ರಿಯ ಕಾಡು. ಅಲ್ಲಿನ ಹಿರಡಾ ಮರ, ಎಂದರೆ ನಮ್ಮ ಅಳಲೆ ಮರ, ಹಿರಡಸ ಮಾವಳವೆಂಬ ಆ ಸೀಮೆಯ ಹೆಸರಿನಲ್ಲಿಯೇ ಸೇರಿಕೊಂಡಿದೆ.

ಮರವಿದ್ದಲ್ಲಿ ಬಡಗಿಯಿರಲೇಬೇಕು. ನಮ್ಮ ನಾಡಿನ ಹಳ್ಳಿಗಳಲ್ಲಿ ಹನ್ನೆರಡು ಮಂದಿ ಆಯಗಾರರಿದ್ದಂತೆ ಮಹಾರಾಷ್ಟ್ರದಲ್ಲಿ ಹನ್ನೆರಡು ಬಲುತೇದಾರರಿದ್ದರು. ಇವರಲ್ಲಿ ಸುತಾರನು ಒಬ್ಬನು. ರೈತನ ನೇಗಿಲನ್ನೂ ಬಂಡಿಯನ್ನೂ ಸರಿಪಡಿಸಿಕೊಟ್ಟು ಸುಗ್ಗಿಯಲ್ಲಿ ಧಾನ್ಯವನ್ನು ಪಡೆಯುವುದು ಆತನ ಹಕ್ಕಾಗಿತ್ತು. ಆ ಪದ್ಧತಿಯು ಹೋಯಿತು. ಕಸಬು ಪೂರ್ತಿಯಾಗಿ ಹೋಗಿಲ್ಲ.

ಕಾರ್ಯನಿಮಿತ್ತ ಭೋರಿಗೆ ಹೋಗಿದ್ದಾಗ ಓಣಿಯೊಂದರ ತಗಡಿನ ಮಾಡಿನ ಕೆಳಗೆ ವೃದ್ಧ ಮೇಸ್ತ್ರಿಯೊಬ್ಬರು ತಮ್ಮ ಮೊಮ್ಮಗನಿಂದ ಪೆಟ್ಟಿಗೆಯನ್ನು ಮಾಡಿಸುತ್ತಿದ್ದುದನ್ನು ನಾವು ಕಂಡೆವು. ನಮ್ಮನ್ನು ಹೊಟೇಲಿನವರೆಂದು ಕೂಡಲೇ ಗುರುತಿಸಿ, "ಬನ್ನಿ ಅಣ್ಣಾ, ಕುಳಿತುಕೊಳ್ಳಿ" ಎಂದರು. ಮಹಾರಾಷ್ಟ್ರದಲ್ಲಿ ನಮ್ಮವರೆಲ್ಲರೂ ಅಣ್ಣಂದಿರೇ. ಅವರ ಹತ್ಯಾರುಗಳ ಪರಿಚಯವು ನಮಗೆ ಕಷ್ಟವಾಗಲಿಲ್ಲ. ಅವರ ಕರವತವು ನಮ್ಮ ಗರಗಸ, ಪಟಾಶಿಯು ಉಳಿ, ವಾಕಸವು ಬಾಚಿ, ರಂಧಾ ಎಂಬುದು ಕೀಸುಳಿ. ಹುಡುಗನಿಗೆ ಇದು ಕಲಿಕೆಯ ಕೊನೆಯ ಕೆಲಸವೆಂದೂ, ಇದು ಮುಗಿದ ಮೇಲೆ ಆತನು ಯಾರ ಬಳಿಗಾದರೂ ಹೋಗಿ ದುಡಿಯಬಹುದೆಂದೂ ಮೇಸ್ತ್ರಿಗಳು ಹೇಳಿದರು.

ಅಳತೆ ಮತ್ತು ಮರ

ಪೆಟ್ಟಿಗೆಯ ಉದ್ದವನ್ನು ಗೊತ್ತುಪಡಿಸುವುದು ಗರಗಸ. 26 ಅಂಗುಲದ ಅಲಗಿನ ಗರಗಸವು ಹಿಡಿಕೆ ಸೇರಿ 30 ಅಂಗುಲ ದಾಟುವುದರಿಂದ ಪೆಟ್ಟಿಗೆಯ ಒಳ ಉದ್ದವು 32 ಅಂಗುಲಕ್ಕೆ ಕಡಿಮೆಯಿರಕೂಡದು. ಅಗಲವು 14, ಎತ್ತರವು 13 ಅಂಗುಲವಿದ್ದರೆ ಮಂಚದ ಅಡಿಗೆ ಸರಿದುಹೋಗುತ್ತದೆ. ಇಬ್ಬರು ಎರಡು ಕಡೆ ಹಿಡಿದು ಎತ್ತಲೂ ಬರುತ್ತದೆ.

ಇದಕ್ಕೆ ತೇಗದ ಮರವೇ ಬೇಕೆಂದಿಲ್ಲ. ಬಣ್ಣ ಹಚ್ಚಿ ಮುಚ್ಚತಕ್ಕ ಮರಕ್ಕೆ ದುಬಾರಿ ಹಣ ತೆರುವುದು ಜಾಣತನವಲ್ಲ. ಅಲ್ಲದೆ ತೇಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಬಣ್ಣವು ಚೆನ್ನಾಗಿ ಹಿಡಿಯುವುದಿಲ್ಲ. ಭಾರವು ಕಡಿಮೆಯಿರಲೆಂದು ಪಶ್ಚಿಮ ದೇಶದ ಬಡಗಿಗಳೂ ಪೈನ್ ಮರವನ್ನೇ ಆರಿಸುತ್ತಿದ್ದರು. ಯಂತ್ರಗಳನ್ನು ತುಂಬಿ ಬಂದ ಖೋಖೆಗಳ ಪೈನ್ ಹಲಗೆಗಳು ಗುಜರಿ ಅಂಗಡಿಗಳಲ್ಲಿ ಸಿಗುತ್ತವೆ. ಗಂಟು ಕಡಿಮೆಯಿರುವ, ಮುಕ್ಕಾಲು ಅಂಗುಲ ದಪ್ಪದ, ಚೆನ್ನಾಗಿ ಒಣಗಿದ ಹಲಗೆಗಳನ್ನು ಆರಿಸಬೇಕು. ಮಾವಿನ ಮರವು ಅಗ್ಗವಾದರೂ ಹುಳು ಹಿಡಿಯುವುದು ಬೇಗ.

ಮರದ ಸ್ವಭಾವವನ್ನು ಇಲ್ಲಿ ತಿಳಿದಿರತಕ್ಕದ್ದು. ಮಳೆಗಾಲದಲ್ಲಿ ಹಲಗೆಯು ಅಗಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸವಾಗುವುದಿಲ್ಲ. ಆದ್ದರಿಂದ ನಾಲ್ಕು ಗೋಡೆಗಳಲ್ಲಿಯೂ ಮರದ ಎಳೆಯು ಅಡ್ಡಡ್ಡವಾಗಿ ಸುತ್ತಿ ಬರುವಂತೆ ಜೋಡಿಸಿದರೆ ನಾಲ್ಕೂ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ, ಮೂಲೆಗಳು ಬಿರಿಯುವುದಿಲ್ಲ. ಭೋರಿನಂಥ ಮಳೆಯ ಸೀಮೆಯಲ್ಲಿ ಇದನ್ನು ಮರೆತವನ ಪೆಟ್ಟಿಗೆಯು ಶ್ರಾವಣದಲ್ಲಿ ತೆರೆಯದು, ವೈಶಾಖದಲ್ಲಿ ಮುಚ್ಚದು.

ಕಟ್ಟುವ ಕ್ರಮ

ಮೂಲೆಗಳನ್ನು ಮೊಳೆ ಹೊಡೆದು ಕೂಡಿಸಿದ ಪೆಟ್ಟಿಗೆಯು ನಾಲ್ಕು ಸಾರಿ ಎತ್ತಿ ಇಳಿಸುವಷ್ಟರಲ್ಲಿ ಸಡಿಲಾಗುತ್ತದೆ. ಬಡಗಿಯು ಒಂದು ಹಲಗೆಯ ಅಂಚಿನಲ್ಲಿ ಹಕ್ಕಿಯ ಬಾಲದಂತೆ ತುದಿಯಲ್ಲಿ ಹರಡಿದ ಹಲ್ಲುಗಳನ್ನು ಕತ್ತರಿಸಿ, ಅವುಗಳಿಗೆ ಸರಿಹೊಂದುವ ಕಚ್ಚುಗಳನ್ನು ಇನ್ನೊಂದು ಹಲಗೆಯಲ್ಲಿ ಕೊರೆಯುತ್ತಾನೆ. ಕೊಡತಿಯಿಂದ ಮೆಲ್ಲನೆ ತಟ್ಟಿ ಕೂಡಿಸಿದ ಮೇಲೆ ಒಂದು ದಿಕ್ಕಿಗೆ ಎಷ್ಟು ಎಳೆದರೂ ಅದು ಬಿಡುವುದಿಲ್ಲ. ಪೂರ್ವದಲ್ಲಿ ಚರ್ಮದಿಂದ ತೆಗೆದ ಸರಸನ್ನು ಬಿಸಿ ಮಾಡಿ ಹಚ್ಚುತ್ತಿದ್ದರು. ಅದರ ವಾಸನೆಯನ್ನು ತಾಳುವುದು ಕಷ್ಟವಾಗಿದ್ದರೂ ಬಿಸಿನೀರಿನಿಂದ ಕೀಲನ್ನು ಬಿಡಿಸಿ ಮತ್ತೆ ಕೂಡಿಸಬಹುದೆಂಬ ಗುಣವು ಅದಕ್ಕಿತ್ತು. 1959ರಲ್ಲಿ ಪೇಟೆಗೆ ಬಂದ ಫೆವಿಕಾಲ್ ಎಂಬ ಬಿಳಿಯ ಅಂಟು ಆ ಕುದಿಸುವ ಶ್ರಮವನ್ನು ತಪ್ಪಿಸಿತು.

ತಳಕ್ಕೆ ಗಿಡ್ಡ ಹಲಗೆಗಳನ್ನು ಮುಂದಿನಿಂದ ಹಿಂದಕ್ಕೆ ಜೋಡಿಸಿ ಮೊಳೆಗಳಿಂದ ಬಿಗಿಯುವುದು ವಾಡಿಕೆ. ಇಲ್ಲಿ ಅಂಟು ಹಾಕುವುದಿಲ್ಲ. ನೆಲದ ಪಸೆಯಿಂದ ಮೊದಲು ಕೊಳೆಯತಕ್ಕದ್ದು ತಳವೇ ಆದುದರಿಂದ, ಕೆಟ್ಟ ಹಲಗೆಯೊಂದನ್ನೇ ಕಿತ್ತು ಬದಲಾಯಿಸಲು ಅನುಕೂಲವಾಗಬೇಕು. ತಳದಡಿಯಲ್ಲಿ ಎರಡು ಪಟ್ಟಿಗಳನ್ನು ಹೊಡೆದರೆ ಪೆಟ್ಟಿಗೆಯು ನೆಲ ಬಿಟ್ಟು ನಿಂತು ಗಾಳಿಯಾಡುತ್ತದೆ. ಮುಚ್ಚಳಕ್ಕೆ ನಾಲ್ಕು ಪಟ್ಟಿಗಳ ಚೌಕಟ್ಟನ್ನು ಮಾಡಿ ಅದರ ಗಾಡಿಯೊಳಗೆ ನಡುವಿನ ಹಲಗೆಯನ್ನು ಅಂಟಿಲ್ಲದೆ ಕೂರಿಸಬೇಕು. ಹಿಗ್ಗಿದಾಗ ಸರಿಯಲು ಅದಕ್ಕೆ ಎಡೆಯಿರಬೇಕು. ಬೇಸಗೆಯಲ್ಲಿ ಮಾಡುವವನು ಮುಚ್ಚಳದ ಸುತ್ತ ದಪ್ಪ ರಟ್ಟಿನಷ್ಟು ಸಂದನ್ನು ಮಳೆಗಾಲಕ್ಕಾಗಿ ಬಿಡತಕ್ಕದ್ದು.

ಒಳಗೆ ಪ್ರತಿಯೊಂದಕ್ಕೂ ಸ್ಥಳವುಂಟು. ಮುಂಗೋಡೆಗೆ ಉಳಿಗಳ ಸಾಲು, ಸೀಳಿದ ಪಟ್ಟಿಗಳಲ್ಲಿ ಗರಗಸಗಳು, ತಳದಲ್ಲಿ ಹಿಂಬದಿಗೆ ಕೀಸುಳಿಗಳು. ಮೇಲ್ಭಾಗದಲ್ಲಿ ಗಟ್ಟಿ ಮರದ ಪಟ್ಟಿಗಳ ಮೇಲೆ ಹಿಂದೆ ಮುಂದೆ ಸರಿಯುವ ಎರಡು ತಟ್ಟೆಗಳು. ಅವುಗಳಲ್ಲಿ ಬೈರಿಗೆ, ಮೂಲೆಮಟ್ಟ, ಮೊಳೆ, ತಿರುಪು. ತಟ್ಟೆಯ ಅಗಲವು ಪೆಟ್ಟಿಗೆಯ ಅರ್ಧದಷ್ಟಿದ್ದರೆ ಅದನ್ನು ಹೊರತೆಗೆಯದೆಯೇ ಕೆಳಗೆ ಕೈ ಹಾಕಬಹುದು. ಕತ್ತಲೆಯಲ್ಲಿ ಕೈಯಿಟ್ಟರೂ ಬೇಕಾದ ಉಳಿ ಸಿಗಬೇಕು, ಬೆರಳು ಕೊಯ್ಯಬಾರದು. ಜೋಡಣೆಯು ಸರಿಯಾಗಿದೆಯೆಂಬುದಕ್ಕೆ ಇದೇ ಪರೀಕ್ಷೆ. ಬಟ್ಟೆಯ ಗಂಟಿನಲ್ಲಿ ನಾಲ್ಕು ಬಿಲ್ಲೆ ಕರ್ಪೂರವನ್ನಿಟ್ಟು, ಕಬ್ಬಿಣಕ್ಕೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿದರೆ ತುಕ್ಕು ಹಿಡಿಯುವುದು ಕಡಿಮೆಯಾಗುತ್ತದೆ.

ಬಣ್ಣ

ಕೀಸಿ ನುಣುಪು ಮಾಡಿದ ಮರಕ್ಕೆ ಮರಳುಕಾಗದದಿಂದ ಉಜ್ಜಿ, ಧೂಳೊರೆಸಿ, ಗಂಟುಗಳ ಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಹಚ್ಚಬೇಕು. ಇಲ್ಲವಾದರೆ ಗಂಟಿನ ರಾಳವು ಬಣ್ಣವನ್ನು ತೂರಿ ಕಲೆಯಾಗಿ ಹೊರಬರುತ್ತದೆ. ಬಳಿಕ ಒಂದು ಅಡಿಬಣ್ಣ, ಅದರ ಮೇಲೆ ಎರಡು ಅಥವಾ ಮೂರು ತೆಳುವಾದ ಕೈ. ಒಂದು ಕೈ ಪೂರ್ತಿ ಒಣಗುವ ಮುನ್ನ ಇನ್ನೊಂದನ್ನು ಹಚ್ಚಕೂಡದು. ಒಮ್ಮೆಲೇ ದಪ್ಪವಾಗಿ ಬಳಿದ ಬಣ್ಣವು ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುವುದು. ಅವಸರದವನ ದೋಸೆಯ ಗತಿಯೇ ಅವಸರದವನ ಬಣ್ಣಕ್ಕೂ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಅಗಸೆ ಎಣ್ಣೆಯಲ್ಲಿ ನೆನೆದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಎಣ್ಣೆಯು ಒಣಗುವಾಗ ಹುಟ್ಟುವ ಕಾವಿನಿಂದ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲುದು. ಹತ್ತು ಮಂದಿ ಮಲಗುವ ಖೋಲಿಯಲ್ಲಿ ಇದು ಎಂಥ ಅನಾಹುತಕ್ಕೆ ಕಾರಣವಾದೀತೆಂದು ವಿವರಿಸಬೇಕಾಗಿಲ್ಲ. ಚಿಂದಿಯನ್ನು ಬಯಲಿನಲ್ಲಿ ಹರಡಿ ಒಣಗಿಸಿ, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು. ಎರಡನೆಯದಾಗಿ, ಹಳೆಯ ಬಣ್ಣಗಳಲ್ಲಿ ಸೀಸದ ವಿಷವಿರುತ್ತಿತ್ತು. ಗೃಹಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗದಲ್ಲಿ 90 ಭಾಗವನ್ನು ಮೀರಕೂಡದೆಂಬ ಕೇಂದ್ರ ಸರಕಾರದ ನಿಯಮವು 2017ರ ನವೆಂಬರದಲ್ಲಿ ಜಾರಿಗೆ ಬಂದಿತು. ಆದುದರಿಂದ ಹಳೆಯ ಪೆಟ್ಟಿಗೆಯ ಬಣ್ಣವನ್ನು ಒಣಗಿದಂತೆಯೇ ಕೆರೆದು ಆ ಧೂಳನ್ನು ಉಸಿರಾಡಬಾರದು.

ಭೋರಿನ ಹುಡುಗನು ಪೆಟ್ಟಿಗೆಯ ಹೊರಮೈಗೆ ಕಡುಹಸುರು ಬಣ್ಣವನ್ನು ಬಳಿದಿದ್ದನು. ಒಳಗೆ ಅರಗಿನ ತೆಳುಲೇಪವನ್ನುಳಿದು ಏನೂ ಇರಲಿಲ್ಲ. ಕಾರಣವನ್ನು ಕೇಳಿದಾಗ ಮೇಸ್ತ್ರಿಗಳು, "ಒಳಗೆ ಎಣ್ಣೆಬಣ್ಣ ಹಚ್ಚಿದರೆ ವರ್ಷಗಟ್ಟಲೆ ವಾಸನೆ ಹೋಗುವುದಿಲ್ಲ, ಹತ್ಯಾರಿಗೆ ಮೆತ್ತಿಕೊಳ್ಳುತ್ತದೆ. ಹೊರಗಿನ ಬಣ್ಣ ಮಳೆಗೆ, ಬಂಡಿಯ ಪೆಟ್ಟಿಗೆ. ಹೋದರೆ ಮತ್ತೆ ಹಚ್ಚಿದರಾಯಿತು" ಎಂದರು.

ದೂರದೇಶದ ಪೆಟ್ಟಿಗೆಗಳು

ಈ ವಿವೇಕವು ಒಂದು ಊರಿನದಲ್ಲ. ಇಂಗ್ಲೆಂಡಿನ ಕುಶಲ ಬಡಗಿಗಳು ಪೆಟ್ಟಿಗೆಯ ಹೊರಮೈಗೆ ಸಾದಾ ಗಾಢ ಬಣ್ಣವನ್ನು ಬಳಿದು, ಮುಚ್ಚಳದ ಒಳಮೈಯಲ್ಲಿಯೂ ತಟ್ಟೆಗಳಲ್ಲಿಯೂ ಬೆಲೆಬಾಳುವ ಮರದ ಸೂಕ್ಷ್ಮ ಕೆಲಸವನ್ನು ಮಾಡುತ್ತಿದ್ದರು. ಬೆಂಜಮಿನ್ ಸೀಟನ್ ಎಂಬ ತರುಣನಿಗೆ ತಂದೆಯು 1796ರಲ್ಲಿ ಹತ್ಯಾರುಗಳನ್ನು ಕೊಂಡುಕೊಟ್ಟನು. ಮರುವರ್ಷ ಸೀಟನ್ ಅವುಗಳಿಗಾಗಿ ಪೆಟ್ಟಿಗೆಯನ್ನು ಮಾಡಿ, ಪ್ರತಿಯೊಂದು ಹತ್ಯಾರಿನ ಬೆಲೆಯನ್ನೂ ಪಟ್ಟಿಯಾಗಿ ಬರೆದಿಟ್ಟನು. ಅದು ಈಗ ರಾಚೆಸ್ಟರ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಸ್ವೀಡನ್ ದೇಶದ ಗಾಟ್‌ಲೆಂಡ್ ದ್ವೀಪದಲ್ಲಿ 1936ರಲ್ಲಿ ರೈತನೊಬ್ಬನು ಉಳುವಾಗ ಓಕ್ ಮರದ ಪೆಟ್ಟಿಗೆಯೊಂದು ನೇಗಿಲಿಗೆ ಸಿಕ್ಕಿತು. ಸುಮಾರು 90 ಸೆಂಟಿಮೀಟರ್ ಉದ್ದದ ಅದರಲ್ಲಿ ಬಡಗಿಯ ಮತ್ತು ಕಮ್ಮಾರನ 200ಕ್ಕೂ ಹೆಚ್ಚು ವಸ್ತುಗಳಿದ್ದವು. ಅದರ ವಯಸ್ಸು ಸುಮಾರು ಸಾವಿರ ವರ್ಷ. ಅದರ ಒಡೆಯನ ಹೆಸರು ಉಳಿಯಲಿಲ್ಲ. ಆತನ ಗರಗಸವು ಉಳಿಯಿತು.

ಕಾನೂನಿನ ಮಾತು

ಹತ್ಯಾರಿನ ಮಹತ್ವವನ್ನು ಕಾಯಿದೆಯೂ ಮನ್ನಿಸಿದೆ. 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಪ್ರಕಾರ, ಸಾಲಗಾರನ ಮೇಲೆ ಡಿಕ್ರಿಯಾದರೂ ಕುಶಲಕರ್ಮಿಯ ಹತ್ಯಾರುಗಳನ್ನು ಜಪ್ತಿ ಮಾಡುವಂತಿಲ್ಲ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆಗಳ ಸಾಲಿನಲ್ಲಿಯೇ ಹತ್ಯಾರಿಗೂ ರಕ್ಷಣೆಯಿದೆ. ಅದನ್ನು ಕಸಿದರೆ ಮನುಷ್ಯನು ಸಾಲ ತೀರಿಸುವ ಶಕ್ತಿಯನ್ನೇ ಕಳೆದುಕೊಳ್ಳುವನೆಂಬುದು ಇದರ ತಾತ್ಪರ್ಯ. 2023ರ ಸೆಪ್ಟೆಂಬರ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿಯೂ ಬಡಗಿಯೇ ಮೊದಲಾದ 18 ಕಸಬುಗಳವರಿಗೆ ಹತ್ಯಾರುಗಳಿಗಾಗಿ 15,000 ರೂಪಾಯಿಗಳವರೆಗೆ ನೆರವನ್ನು ಗೊತ್ತುಪಡಿಸಲಾಯಿತು. ಆ ಹದಿನೆಂಟರಲ್ಲಿ ಕ್ಷೌರಿಕನಿದ್ದಾನೆ, ಅಗಸನಿದ್ದಾನೆ, ಹೂಮಾಲೆ ಕಟ್ಟುವವನಿದ್ದಾನೆ, ಅಡಿಗೆಯವನಿಲ್ಲ.

ನಮ್ಮವರ ಪೆಟ್ಟಿಗೆ

ಇದೇ ನಮ್ಮ ಮಾತಿನ ಮುಖ್ಯಾಂಶ. ಬಡಗಿಯು ಮಾಲೀಕನೊಡನೆ ಹೊಂದಿಕೆಯಾಗದಿದ್ದರೆ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಡುತ್ತಾನೆ. ಮರುದಿನ ಬೇರೆಡೆ ಆತನ ಗರಗಸದ ಸದ್ದು ಕೇಳುತ್ತದೆ. ನಮ್ಮ ಹೊಟೇಲಿನ ಕೆಲಸಗಾರನ ಸ್ಥಿತಿಯೇನು? ದೋಸೆಕಲ್ಲು ಮಾಲೀಕನದು, ರುಬ್ಬುವ ಯಂತ್ರವು ಮಾಲೀಕನದು, ಮಲಗುವ ಜಾಗವೂ ಮಾಲೀಕನದು. ಇಪ್ಪತ್ತು ವರ್ಷ ದುಡಿದು ಹೊರಟವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಬ್ಯಾಂಕಿನ ಪಾಸ್‌ಪುಸ್ತಕ, ಆಧಾರ್ ಚೀಟಿ, ಶಾಲೆಯ ದಾಖಲೆ, ಮನೆಯವರ ಭಾವಚಿತ್ರ, ಎಲ್ಲವೂ ಅದರಲ್ಲಿಯೇ. ಒಂದು ಮಳೆಗೆ, ಒಬ್ಬ ಕಳ್ಳನಿಗೆ ಅದು ಸಾಕು.

ಗಲ್ಲದ ಮೇಲೆ ವರ್ಷಗಟ್ಟಲೆ ಕುಳಿತ ನಾವು ನಮ್ಮ ಮಾಲೀಕ ಬಂಧುಗಳಲ್ಲಿ ಬಿನ್ನವಿಸುವುದಿಷ್ಟೆ: ಪ್ರತಿಯೊಬ್ಬ ಕೆಲಸಗಾರನಿಗೂ ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಜಾಗವನ್ನು ಕೊಡಿರಿ, ಆತನ ಬೀಗವನ್ನು ಆತನೇ ಹಾಕಿಕೊಳ್ಳಲಿ. ಇದರಿಂದ ನಿಮ್ಮ ಗಲ್ಲಕ್ಕೆ ನಷ್ಟವಿಲ್ಲ. ತನ್ನದೆಂಬ ಜಾಗವಿದ್ದ ಆಳು ಹೊಟೇಲನ್ನೂ ತನ್ನದೆಂದು ಬಗೆಯುತ್ತಾನೆ.

ಕೆಲಸಗಾರ ಬಂಧುಗಳಿಗೆ ಹೇಳುವುದೇನೆಂದರೆ, ಇಬ್ಬರು ಮೂವರು ಸೇರಿ ಒಂದು ಗರಗಸ, ಎರಡು ಉಳಿ, ಒಂದು ಕೀಸುಳಿಯನ್ನು ಕೊಳ್ಳಿರಿ. ಮಳೆಗಾಲದಲ್ಲಿ ಹಲಗೆಗಳನ್ನು ಅಟ್ಟದ ಮೇಲೆ ಒಣಗಲಿರಿಸಿ, ದೀಪಾವಳಿಯ ನಂತರ ವಾರದ ರಜೆಗಳಲ್ಲಿ ಕೆಲಸಕ್ಕೆ ತೊಡಗಿರಿ. ಪರಿಚಿತ ಮೇಸ್ತ್ರಿಯೊಬ್ಬರನ್ನು ಕಾಫಿಗೆ ಕರೆದು ಮೊದಲ ಮೂಲೆಯನ್ನು ಅವರಿಂದ ತೋರಿಸಿಕೊಳ್ಳಿರಿ. ಕುಣಿಯಲಾರದವಳು ನೆಲ ಡೊಂಕೆಂದಂತೆ ಹತ್ಯಾರನ್ನು ದೂರಬೇಡಿರಿ. ಪೆಟ್ಟಿಗೆಯೊಳಗೆ ಏನನ್ನಿಡಬೇಕು? ಅಡಿಗೆಯವನು ಸ್ವಂತದ ಚೂರಿಯನ್ನೂ, ನೂರು ಮಂದಿಯ ಸಾರಿಗೆ ಬೇಳೆಯೆಷ್ಟು, ಹುಳಿಯೆಷ್ಟು ಎಂದು ಬರೆದಿಟ್ಟ ಪುಸ್ತಕವನ್ನೂ ಇಡಲಿ. ರಾತ್ರಿಶಾಲೆಗೆ ಹೋಗುವವನು ಪಾಠದ ಪುಸ್ತಕಗಳನ್ನಿಡಲಿ, ಗುಮಾಸ್ತನು ಪ್ರಮಾಣಪತ್ರಗಳನ್ನಿಡಲಿ. ಅವೇ ನಮ್ಮವರ ಹತ್ಯಾರುಗಳು.

ಮಹಾನವಮಿಯ ದಿನ ಮಹಾರಾಷ್ಟ್ರದವರು ಖಂಡೇನವಮಿಯೆಂದು, ನಮ್ಮವರು ಆಯುಧಪೂಜೆಯೆಂದು ಹತ್ಯಾರುಗಳಿಗೆ ಕುಂಕುಮವಿಡುತ್ತಾರೆ. ನಮ್ಮ ಹೊಟೇಲುಗಳಲ್ಲಿ ಅಂದು ದೋಸೆಕಲ್ಲಿಗೂ ರುಬ್ಬುವ ಯಂತ್ರಕ್ಕೂ ಹೂವೇರುತ್ತದೆ. ಮುಂದಿನ ನವಮಿಯಂದು ಅವುಗಳ ಪಕ್ಕದಲ್ಲಿ, ಕೆಲಸಗಾರನು ತಾನೇ ಕಟ್ಟಿ ತಾನೇ ಬಣ್ಣ ಬಳಿದ ಒಂದೊಂದು ಪೆಟ್ಟಿಗೆಯೂ ಇರಲೆಂದು ನಾವು ಹಾರೈಸುತ್ತೇವೆ.