ಕೋವಿಯ ನಳಿಗೆಯ ಶುದ್ಧಿ

ಕೊಡಗಿನಲ್ಲಿ ನಾಟಿಯ ಕೆಲಸವು ಮುಗಿದು, ಸೆಪ್ಟೆಂಬರ್ 3ರ ಸುಮಾರಿಗೆ ಕೈಲ್‌ಪೊಳ್ದ್ ಹಬ್ಬವು ಒದಗಿದಾಗ, ಐನ್‌ಮನೆಗಳಲ್ಲಿ ಕೋವಿಗಳನ್ನು ತೋಕ್‌ಪೂವೆಂಬ ಹೂವಿನಿಂದ ಅಲಂಕರಿಸಿ ಪೂಜಿಸುವರು. ಬಳಿಕ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವು ನಡೆಯುವುದು. ಹಿಂದಿನ ವರ್ಷ ಕಾಯಿಯನ್ನು ಒಡೆದ ಕೋವಿಯೇ ಈ ವರ್ಷ ಒಂದು ಗೇಣು ಪಕ್ಕಕ್ಕೆ ಹೊಡೆಯುವುದುಂಟು. ಆಗ ಕೆಲವರು ಕಣ್ಣು ಮಂಜಾಯಿತೆನ್ನುವರು. ಕೆಲವರು ತೋಟಾ ಮಾರಿದವನನ್ನು ದೂರುವರು. ಮತ್ತೆ ಕೆಲವರು ಗುರಿಮಣಿಗೆ ಅರ ಹಾಕಿಸಿ ಒಳ್ಳೆಯ ಕೋವಿಯನ್ನು ಕೆಡಿಸಿಕೊಳ್ಳುವರು. ನಳಿಗೆಯ ಒಳಗನ್ನು ಬೆಳಕಿಗೆ ಹಿಡಿದು ನೋಡುವವರು ವಿರಳ.

ದೋಷವು ಬಹುಮಟ್ಟಿಗೆ ಅಲ್ಲಿಯೇ ಇರುವುದು. ಕೇಪಿನ ಕೋವಿಗೆ ತುಂಬುವ ಕರಿಮದ್ದಿನಲ್ಲಿ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಲು, 10 ಪಾಲು ಗಂಧಕವಿದ್ದು, ಅದು ಸುಟ್ಟಾಗ ತೂಕದ ಅರ್ಧಕ್ಕೂ ಹೆಚ್ಚು ಭಾಗವು ಹೊಗೆಯ ಕಣವಾಗಿಯೂ ಕಿಟ್ಟವಾಗಿಯೂ ಉಳಿಯುವುದು. ಈ ಕಿಟ್ಟವು ಉಪ್ಪಿನಂತೆ ತೇವವನ್ನು ಎಳೆದುಕೊಳ್ಳುವುದರಿಂದ, ಮಳೆಗಾಲದಲ್ಲಿ ನಳಿಗೆಯು ತುಕ್ಕು ಹಿಡಿದು ಕುಳಿಬೀಳುವುದು. ಹೊಗೆರಹಿತ ಮದ್ದಿನ ತೋಟಾಗಳಲ್ಲಿ ಮಸಿ ಕಡಿಮೆ. ಆದರೆ ರೈಫಲ್ಲಿನ ಸುರುಳಿಗೆರೆಗಳಲ್ಲಿ ಸೀಸವೋ ತಾಮ್ರವೋ ಅಂಟಿಕೊಂಡರೆ, ಗುಂಡು ಗೆರೆಗಳನ್ನು ಸಮನಾಗಿ ಹಿಡಿಯದೆ ಓರೆಯಾಗುವುದು.

ಶುದ್ಧಿಗೆ ತೊಡಗುವ ಮೊದಲು ಕೋವಿಯು ಬರಿದೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಕೇಪಿನ ಕೋವಿಯಾದರೆ ಗಜಕಡ್ಡಿಯನ್ನು ಒಳಗೆ ಬಿಟ್ಟು, ಬಾಯಿಯ ಬಳಿ ಗುರುತು ಮಾಡಿ, ಹೊರಗಿನಿಂದ ಅಳೆದು ನೋಡಬೇಕು. ಕಡ್ಡಿಯು ಬುಡದ ವರೆಗೆ ಹೋಗದಿದ್ದರೆ ಒಳಗೆ ಮದ್ದಾದರೂ ಇರಬೇಕು, ಇಲ್ಲವೆ ಕುಂಬಾರ ಹುಳುವಿನ ಮಣ್ಣುಗೂಡಾದರೂ ಇರಬೇಕು. ಗೋಡೆಗೆ ತೂಗುಹಾಕಿದ ಕೋವಿಯ ಬಾಯಿಯನ್ನು ಈ ಹುಳುವು ಗೂಡಿಗೆ ಆರಿಸಿಕೊಳ್ಳುವುದು ಅಪರೂಪವಲ್ಲ. ಅಂತಹ ನಳಿಗೆಯಲ್ಲಿ ಗುಂಡು ಹಾರಿಸಿದರೆ ಅದು ಬಿರಿದು ಹಿಡಿದವನ ಕೈಗೇ ಅಪಾಯ ತರುವುದು. ಬೆಂಕಿಯ ಹತ್ತಿರ ಈ ಕೆಲಸವು ಕೂಡದು.

ಕರಿಮದ್ದಿನ ಕಿಟ್ಟವು ಎಣ್ಣೆಗೆ ಬಿಡದು, ಬಿಸಿನೀರಿಗೆ ಬಿಡುವುದು. ಕುದಿಯುವ ನೀರಿನಿಂದ ನಳಿಗೆಯು ಕಾದು ಬೇಗನೆ ಒಣಗುವುದೂ ಒಂದು ಅನುಕೂಲವೇ. ತೋಟಾಕೋವಿಗೆ ಕಂಚಿನ ತಂತಿಯ ಕುಂಚವನ್ನೂ ಕೋವಿಗೆಂದೇ ಮಾರುವ ದ್ರಾವಣವನ್ನೂ ಬಳಸಿ, ಅರಿವೆಯು ಬಿಳಿಯಾಗಿ ಹೊರಬರುವ ತನಕ ಒರೆಸಬೇಕು. ತಾಮ್ರವನ್ನು ಕರಗಿಸುವ ಅಮೋನಿಯ ದ್ರಾವಣವಾದರೆ ಅರಿವೆಯು ನೀಲಿಗಟ್ಟುವುದರಿಂದ ತಾಮ್ರವಿನ್ನೂ ಉಳಿದಿದೆಯೆಂದು ತಿಳಿಯುವುದು. ಮರಳು, ಇಟ್ಟಿಗೆಪುಡಿ, ಕಬ್ಬಿಣದ ಕಂಬಿ ಇವುಗಳನ್ನು ಎಂದಿಗೂ ತರಬಾರದು. ಸಾಧ್ಯವಾದಲ್ಲೆಲ್ಲ ಕಡ್ಡಿಯನ್ನು ಬುಡದ ಕಡೆಯಿಂದಲೇ ತೂರಿಸತಕ್ಕದ್ದು. ಬಾಯಿಯ ಅಂಚು ಒಂದು ಕಡೆ ಸವೆದರೆ ಆ ಕೋವಿಯ ಗುರಿಯನ್ನು ಯಾವ ಶುದ್ಧಿಯೂ ಮರಳಿ ಕೊಡಲಾರದು.

ಕೊನೆಗೆ ಖನಿಜತೈಲವನ್ನು ತೆಳ್ಳಗೆ ಸವರಬೇಕು. ಮನೆಯ ಕೊಬ್ಬರಿಎಣ್ಣೆಯು ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಮಲೆನಾಡಿನ ಮಳೆಗಾಲಕ್ಕೆ ಒಗ್ಗದು. ಚರ್ಮದ ಚೀಲವು ತೇವ ಹೀರುವುದರಿಂದ ಅದರಲ್ಲಿ ಕೋವಿಯನ್ನು ತಿಂಗಳುಗಟ್ಟಲೆ ಇಡಬಾರದು. ಪಂದ್ಯದ ದಿನ ಒಳಗಿನ ಎಣ್ಣೆಯನ್ನು ಒಣ ಅರಿವೆಯಿಂದ ತೆಗೆಯದಿದ್ದರೆ ಮೊದಲ ಗುಂಡು ಬೇರೆಡೆಗೆ ಹೋಗುವುದು ಸಾಮಾನ್ಯ.

ಕೊಡವರಿಗೂ ಜಮ್ಮಾ ಭೂಮಿಯವರಿಗೂ 1861ರಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಉಳಿದವರಿಗೆ ಪರವಾನಗಿಯು ಅವಶ್ಯ. ಶುದ್ಧಿಯ ಬಳಿಕವೂ ಗುಂಡು ಪಕ್ಕಕ್ಕೆ ಹೋದರೆ, ಅಥವಾ ನಳಿಗೆಯಲ್ಲಿ ಆಳವಾದ ಕುಳಿ ಕಂಡರೆ, ಪರವಾನಗಿಯುಳ್ಳ ಕೋವಿ ಕೆಲಸಗಾರನಿಗೆ ತೋರಿಸುವ ತನಕ ಅದನ್ನು ಹಾರಿಸತಕ್ಕದ್ದಲ್ಲ.