ಪರದೇಶಕ್ಕೆ ಹೊರಟವರ ಕೈಚೀಲ

“ದೆಹಲಿಯವರೆಗೆ ನಮ್ಮ ದೇಶವೇ ಅಲ್ಲವೇನೋ? ಪಾಸ್‌ಪೋರ್ಟನ್ನು ಅಲ್ಲಿ ತೆಗೆದರಾಯಿತು” ಎಂದು ನಮ್ಮ ಸೋದರತ್ತೆ ಅದನ್ನು ಸೀರೆಗಳ ಮಡಿಕೆಯಲ್ಲಿಟ್ಟು ಪೆಟ್ಟಿಗೆಗೆ ಬೀಗ ಹಾಕಿದರು. ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೊರಟಿದ್ದರು. ಮೀನಂಬಾಕ್ಕಂ ನಿಲ್ದಾಣದಲ್ಲಿ ಪೆಟ್ಟಿಗೆ ಒಳಗೆ ಹೋಗುವ ಮುನ್ನ ವಿಷಯ ತಿಳಿದದ್ದು ನಮ್ಮ ಪುಣ್ಯ.

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವುಂಟು. ದೆಹಲಿಗಷ್ಟೇ ಹೋಗುವವರಿಗೆ ಆಧಾರ್ ಕಾರ್ಡೋ ಮತದಾರರ ಗುರುತಿನ ಚೀಟಿಯೋ ಸಾಕು. ಆದರೆ ಪರದೇಶದವರೆಗೆ ಒಂದೇ ಟಿಕೆಟಾಗಿದ್ದರೆ, ವಿಮಾನ ಸಂಸ್ಥೆಯವರು ಸಾಮಾನ್ಯವಾಗಿ ಚೆನ್ನೈಯಲ್ಲಿಯೇ ಪಾಸ್‌ಪೋರ್ಟನ್ನೂ ವೀಸಾವನ್ನೂ ನೋಡುತ್ತಾರೆ. ಪೆಟ್ಟಿಗೆಗೂ ಲಂಡನ್ನಿನವರೆಗೆ ಚೀಟಿ ಅಂಟಿಸಿಬಿಟ್ಟರೆ ದೆಹಲಿಯಲ್ಲಿ ಅದು ನಮ್ಮ ಕೈಗೆ ಸಿಕ್ಕುವುದಿಲ್ಲ. ದೇಶ ಬಿಡುವವರ ತಪಾಸಣೆಯಾದರೋ ಹೆಚ್ಚಾಗಿ ಅಲ್ಲಿಯೇ! 1967ರ ಪಾಸ್‌ಪೋರ್ಟು ಕಾಯಿದೆಯ ಪ್ರಕಾರ ಅದಿಲ್ಲದೆ ಭಾರತವನ್ನು ಬಿಡುವಂತಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಹೆಸರಿನ ಹಿಂದೆ ಊರಿನ, ತಂದೆಯ ಮೊದಲಕ್ಷರಗಳನ್ನು ಸೇರಿಸುವ ರೂಢಿ. ಪಾಸ್‌ಪೋರ್ಟಿನಲ್ಲಿ ಅವು ಪೂರ್ತಿಯಾಗಿ ಬರೆದಿರಬಹುದು. ಆದುದರಿಂದ ಆಧಾರನ್ನು ನೋಡಿ ಟಿಕೆಟು ಮಾಡಿಸಬೇಡಿ. ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಕೊಡಿ.

ಚಟ್ನಿಪುಡಿ, ಮೆಂತ್ಯದ ಹಿಟ್ಟು, ಮೊಮ್ಮಗುವಿನ ಕುಲಾವಿ ಪೆಟ್ಟಿಗೆಯಲ್ಲಿರಲಿ. ಪಾಸ್‌ಪೋರ್ಟು ಮಾತ್ರ ಮನೆಯ ಹೊಸ್ತಿಲು ದಾಟಿದಂದಿನಿಂದ ಮಗಳ ಮನೆ ಸೇರುವವರೆಗೂ ಕೈಚೀಲದಲ್ಲಿಯೇ ಇರಲಿ.