ಬಾಟ್ ಹಾಕಿಸೋ ಮೊದಲು ನಿಮ್ಮ ವಾಟ್ಸಾಪ್ ಓದಿ

ಹಣ್ಣು, ತರಕಾರಿ ನೇರವಾಗಿ ಮನೆಮನೆಗೆ ಮಾರುವವರ ಫೋನು ಬೆಳಗ್ಗೆ ಆರಕ್ಕೇ ಶುರುವಾಗುತ್ತೆ. "ಪಪ್ಪಾಯಿ ಇದೆಯಾ?", "ಕೆಜಿ ಎಷ್ಟು?", "ನಮ್ಮ ಏರಿಯಾಕ್ಕೆ ಯಾವತ್ತು ಬರ್ತೀರಾ?" ಆ ಹೊತ್ತಿಗೆ ನಾವು ಕೊಯ್ಲಲ್ಲಿರ್ತೀವಿ, ಕೈಯೆಲ್ಲಾ ಸೊನೆ. ಹತ್ತು ಗಂಟೆಗೆ ಉತ್ತರ ಕೊಡುವಷ್ಟರಲ್ಲಿ ಕೇಳಿದವರು ಬೇರೆ ಕಡೆ ತಗೊಂಡಿರ್ತಾರೆ. ಬಣ್ಣ ತಿರುಗಿದ ಪಪ್ಪಾಯಿ ನಮಗೋಸ್ಕರ ಕಾಯಲ್ಲ. ಹಾಗಾಗಿ "ಒಂದು ಚಾಟ್‌ಬಾಟ್ ಹಾಕಿಸಿಬಿಡೋಣ" ಅನ್ನಿಸೋದು ಸಹಜ.

ಹಾಕಿಸಿ. ಆದರೆ ಯಾರಿಗಾದರೂ ದುಡ್ಡು ಕೊಡೋ ಮೊದಲು ಒಂದು ಸಂಜೆ ಕೂತು, ಕಳೆದ ಒಂದು ತಿಂಗಳಲ್ಲಿ ಬಂದ ಮೆಸೇಜುಗಳನ್ನೆಲ್ಲ ಓದಿ. ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದು, ಅದು ಮತ್ತೆ ಬಂದಾಗೆಲ್ಲ ಮುಂದೆ ಒಂದು ಗೀಟು ಎಳೀತಾ ಹೋಗಿ. ಏನಿದೆ, ಎಷ್ಟು, ಯಾವತ್ತು ಬರುತ್ತೆ, ದುಡ್ಡು ಹೇಗೆ ಕಳಿಸೋದು: ಬಹುತೇಕ ಗೀಟುಗಳು ಈ ನಾಲ್ಕರ ಮುಂದೆಯೇ ಬೀಳ್ತವೆ. ಬಾಟ್‌ಗೆ ಆ ನಾಲ್ಕೇ ಕೆಲಸ ಕೊಡಿ. ಕೇಂದ್ರ ಸರ್ಕಾರ 2023ರಲ್ಲಿ ತಂದ ಕಿಸಾನ್ ಇ-ಮಿತ್ರ ಕೂಡ ಶುರುವಾಗಿದ್ದು ಪಿಎಂ-ಕಿಸಾನ್ ಯೋಜನೆಯ ಪ್ರಶ್ನೆಗಳಿಂದಲೇ, ಇಡೀ ಕೃಷಿಯಿಂದ ಅಲ್ಲ.

ದಿನಕ್ಕೆ ಇಪ್ಪತ್ತು, ಮೂವತ್ತು ಮೆಸೇಜ್ ಬರುವವರಿಗೆ ಬಾಟೇ ಬೇಡ ಅಂತ ನನ್ನ ಅಭಿಪ್ರಾಯ. ಉಚಿತವಾಗಿ ಸಿಗೋ ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಸ್ವಾಗತ ಸಂದೇಶ, ನಾವು ಇಲ್ಲದಾಗ ತಾನಾಗೇ ಹೋಗುವ ಸಂದೇಶ, ಮೊದಲೇ ಬರೆದಿಟ್ಟ ಉತ್ತರಗಳು, ಫೋಟೋ ಮತ್ತು ಬೆಲೆ ಇರುವ ಕ್ಯಾಟಲಾಗ್ ಎಲ್ಲ ಇವೆ. "ಈಗ ತೋಟದಲ್ಲಿದ್ದೀನಿ, 11 ಗಂಟೆಗೆ ಉತ್ತರ ಕೊಡ್ತೀನಿ, ಇವತ್ತಿನ ರೇಟ್ ಕ್ಯಾಟಲಾಗ್‌ನಲ್ಲಿದೆ" ಅನ್ನೋ ಒಂದು ಸಾಲು ಎಷ್ಟೋ ಗಿರಾಕಿಗಳನ್ನು ಉಳಿಸುತ್ತೆ.

ಆರ್ಡರ್ ಜಾಸ್ತಿಯಾಗಿ ನಿಜವಾದ ಬಾಟ್ ಬೇಕೇ ಬೇಕು ಅಂದಾಗ ಮೊದಲು ಎದುರಾಗೋದು ಬಟನ್ನು. ವಾಟ್ಸಾಪ್‌ನಲ್ಲಿ ಒಂದು ಸಂದೇಶಕ್ಕೆ ಮೂರೇ ಉತ್ತರದ ಬಟನ್, ಒಂದೊಂದರ ಮೇಲೆ 20 ಅಕ್ಷರ. ಇಲ್ಲಿ ಕನ್ನಡದವರಿಗೆ ಒಂದು ತೊಡಕಿದೆ. ಒತ್ತು, ಗುಣಿತದ ಚಿಹ್ನೆ, ಖಾಲಿ ಜಾಗ ಎಲ್ಲವನ್ನೂ ಯಂತ್ರ ಬೇರೆ ಬೇರೆ ಎಣಿಸುತ್ತೆ. "ಬೇರೆ ಏನಾದ್ರೂ ಕೇಳ್ಬೇಕು" ನಮ್ಮ ಕಣ್ಣಿಗೆ 8 ಅಕ್ಷರ, ಅದರ ಲೆಕ್ಕದಲ್ಲಿ 21. ಹಿಡಿಸಲ್ಲ. "ಬೇರೆ ಪ್ರಶ್ನೆ" ಅಂದ್ರೆ 12ಕ್ಕೆ ಮುಗೀತು. ಪಟ್ಟಿ ರೂಪದ ಸಂದೇಶದಲ್ಲಿ ಹತ್ತು ಸಾಲಿಗೆ ಜಾಗ ಇದೆ, ಹಣ್ಣು ತರಕಾರಿ ತೋರಿಸೋಕೆ ಅದೇ ಒಳ್ಳೇದು.

ಆದರೆ ಎಲ್ಲರೂ ಬಟನ್ ಒತ್ತಲ್ಲ. ಕೆಲವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ತಾರೆ, ಕೆಲವರು ವಾಯ್ಸ್ ಹಾಕ್ತಾರೆ. ಒಬ್ಬರಿಗೆ ಪಪ್ಪಾಯಿ, ಇನ್ನೊಬ್ಬರಿಗೆ ಪರಂಗಿ, ಕರಾವಳಿಯವರಿಗೆ ಬಪ್ಪಂಗಾಯಿ. ಗೀಟು ಎಳೆದ ಆ ನೋಟ್‌ಬುಕ್ಕಿನಿಂದಲೇ ಈ ಪದಗಳನ್ನೂ ಎತ್ತಿ ಬಾಟ್‌ಗೆ ಕೊಡಿ. ಎರಡು ಸಲ ಅರ್ಥವಾಗದಿದ್ದರೆ "ಅರ್ಥವಾಗಲಿಲ್ಲ" ಅಂತ ಮೂರನೇ ಸಲ ಹೇಳಿಸಬೇಡಿ, "ಮಧ್ಯಾಹ್ನದೊಳಗೆ ನಾವೇ ಫೋನ್ ಮಾಡ್ತೀವಿ" ಅಂತ ಹೇಳಿಸಿ ಆ ಚಾಟ್ ನಿಮ್ಮ ಕೈಗೆ ಬರುವ ಹಾಗೆ ಮಾಡಿ. ವಾಯ್ಸ್ ಬಂದರೆ ನೇರ ನಿಮಗೇ ಬರಲಿ.

ಇದಕ್ಕಿಂತ ದೊಡ್ಡ ವಿಷಯ ಸ್ಟಾಕು. ಬಾಟ್ ನೋಡೋದು ನೀವು ತುಂಬಿದ ಶೀಟನ್ನು, ತೋಟವನ್ನಲ್ಲ. ಗಿಡದಲ್ಲಿ 40 ಕೆಜಿ ಕಾಣ್ತಿದೆ ಅಂತ 40 ಬರೆದರೆ, ವಿಂಗಡಿಸಿದ ಮೇಲೆ 32 ಸಿಕ್ಕಾಗ ಯಾರಿಗೋ "ಇಲ್ಲ" ಅನ್ನಬೇಕಾಗುತ್ತೆ, ಅದೂ ದುಡ್ಡು ಬಂದ ಮೇಲೆ. ಕೊಯ್ಲಿಗೆ ಮೊದಲೇ ಆರ್ಡರ್ ತಗೊಳ್ಳೋದಾದರೆ 30 ಅಂತಲೇ ಬರೆಯಿರಿ. ದಿನಾ ಶೀಟ್ ತುಂಬೋದು ಯಾರ ಕೆಲಸ ಅಂತ ಮನೆಯಲ್ಲಿ ತೀರ್ಮಾನವಾಗದಿದ್ದರೆ ಬಾಟ್ ಮುಂದಕ್ಕೆ ಹಾಕಿ.

ಇನ್ನೊಂದು, 24 ಗಂಟೆ ನಿಯಮ. ಗ್ರಾಹಕರು ಕೊನೆಯ ಮೆಸೇಜ್ ಕಳಿಸಿ 24 ಗಂಟೆ ಆದ ಮೇಲೆ, ಮೊದಲೇ ಒಪ್ಪಿಗೆ ಪಡೆದ ಸಿದ್ಧ ಸಂದೇಶವನ್ನು ಮಾತ್ರ ಕಳಿಸಬಹುದು, ಅದಕ್ಕೆ ದುಡ್ಡೂ ಕಟ್ಟಬೇಕು. ಗುರುವಾರ ಆರ್ಡರ್ ಮಾಡಿದವರಿಗೆ ಶನಿವಾರ "ಮನೆ ಎಲ್ಲಿ?" ಅಂತ ಕೇಳೋ ಹಾಗಿರಬಾರದು. ವಿಳಾಸ, ಗುರುತು, ಮನೆಯಲ್ಲಿರುವ ಹೊತ್ತು ಎಲ್ಲವನ್ನೂ ಮೊದಲ ಮಾತುಕತೆಯಲ್ಲೇ ಕೇಳಿಸಿ.

ರೈತರ ಗುಂಪಿನ ಬಾಟ್ ಆದರೆ ಬೆಳೆ ಸಲಹೆಯನ್ನೂ ಅದರಿಂದಲೇ ಕೊಡಿಸೋ ಆಸೆ ಬರುತ್ತೆ. ಇಲ್ಲಿ ನನ್ನ ಮಾತು ಗಟ್ಟಿ: ಔಷಧಿ, ಪ್ರಮಾಣ ಹೇಳೋ ಕೆಲಸ ಅದಕ್ಕೆ ಕೊಡಬೇಡಿ. "ಪಪ್ಪಾಯಿ ಎಲೆ ಹಳದಿ" ಅನ್ನೋ ಮೂರು ಪದದ ಹಿಂದೆ ಸಾರಜನಕದ ಕೊರತೆ ಇರಬಹುದು, ಬುಡದಲ್ಲಿ ನೀರು ನಿಂತಿರಬಹುದು, ಇಲ್ಲವೇ ಉಂಗುರ ಚುಕ್ಕೆ ವೈರಸ್ ಇರಬಹುದು. ಮೊದಲನೆಯದಕ್ಕೆ ಗೊಬ್ಬರ, ಎರಡನೆಯದಕ್ಕೆ ಬಸಿಗಾಲುವೆ. ಮೂರನೆಯದಕ್ಕೆ ಔಷಧಿಯೇ ಇಲ್ಲ, ಗಿಡ ಕಿತ್ತು ಹಾಕಬೇಕು. ಗಿಡದ ವಯಸ್ಸು, ಹಳದಿ ಆಗಿರೋದು ಹಳೇ ಎಲೆಯೋ ಸುಳಿಯೋ, ಒಂದು ಫೋಟೋ, ಇಷ್ಟನ್ನು ಬಾಟ್ ಕೇಳಿ ಇಟ್ಟುಕೊಳ್ಳಲಿ. ಉತ್ತರ ಕೃಷಿ ವಿಜ್ಞಾನ ಕೇಂದ್ರದವರದ್ದಾಗಲಿ. ಕಿಸಾನ್ ಕಾಲ್ ಸೆಂಟರ್ ನಂಬರ್ 1800-180-1551 ಕೂಡ ಅಲ್ಲೇ ಕಾಣಿಸಲಿ.

ಮೊದಲ ವಾರ ಪರಿಚಯದ ಹತ್ತು ಮನೆಗಷ್ಟೇ ಬಿಡಿ. ಅದಕ್ಕೂ ಮೊದಲು ಅಮ್ಮನ ಕೈಗೆ ಫೋನ್ ಕೊಟ್ಟು "ಎರಡು ಕೆಜಿ ಟೊಮ್ಯಾಟೊ ಆರ್ಡರ್ ಮಾಡಿ" ಅಂತ ಹೇಳಿ ಪಕ್ಕದಲ್ಲಿ ಸುಮ್ಮನೆ ಕೂತಿರಿ. ಅವರು "ಈಗ ಏನು ಒತ್ಲಿ?" ಅಂತ ಕೇಳಿದ ಕಡೆಯೆಲ್ಲ ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೀಟು.